ಮರಿಮಾತು

ಕಮಾನಿನ ಕೆಳಗೆ ಮರಿಯೊಂದು ನಡೆದು ದಾಟುವಷ್ಟರಲ್ಲಿ ಅದರ ಮುಂದಿನ ಬದುಕು ತೀರ್ಮಾನವಾಗಿಬಿಡುತ್ತಿತ್ತು.

ಬಿಳಿಕಲ್ಲುಗುಡ್ಡದ ಕುರಿ ತಳಿ ಕೇಂದ್ರದಲ್ಲಿ ಹುಟ್ಟಿದ ಪ್ರತಿಯೊಂದು ಮರಿಯನ್ನೂ ಆರನೆಯ ದಿನ ಆ ಕಮಾನಿನಡಿ ನಡೆಸುತ್ತಿದ್ದರು. ಎರಡೂ ಬದಿಯಿಂದ ಕೂದಲೆಳೆಯಂಥ ಬೆಳಕು ಹೊಮ್ಮಿ ಅದರ ಭುಜ, ಬೆನ್ನು, ಸೊಂಟ, ತೊಡೆಗಳನ್ನು ಸವರಿ ಅಳೆಯುತ್ತಿತ್ತು. ಕಿವಿಯ ತುದಿಗೆ ಸೊಳ್ಳೆ ಕಚ್ಚಿದಷ್ಟೇ ನೋವು ಮಾಡಿ ಸೂಜಿಯೊಂದು ಒಂದು ಹನಿ ರಕ್ತ ತೆಗೆಯುತ್ತಿತ್ತು. ಆ ಹನಿಯೊಳಗಿನ ವಂಶವಾಹಿಗಳನ್ನು ಯಂತ್ರ ಓದಿ, ಮರಿ ಬೆಳೆದರೆ ಎಷ್ಟು ತೂಗೀತು, ಅದರ ಮಕ್ಕಳು ಎಷ್ಟು ತೂಗಿಯಾವು ಎಂದು ಲೆಕ್ಕ ಹಾಕಿ, ಗೋಡೆಯ ಮೇಲೆ ಒಂದೇ ಒಂದು ಸಂಖ್ಯೆಯನ್ನು ಬೆಳಗಿಸುತ್ತಿತ್ತು. ಅದಕ್ಕೆ ಮೈಯಂಕ ಎಂದು ಹೆಸರು. ಮೈಯಂಕ ಹೆಚ್ಚು ಬಂದ ಮರಿಗಳು ಮುಂದಿನ ತಲೆಮಾರಿಗೆ ತಾಯಿತಂದೆಗಳಾಗುತ್ತಿದ್ದವು. ಉಳಿದವು ಸಂತೆಗೆ ಹೋಗುತ್ತಿದ್ದವು.

ಹುಟ್ಟಿದ ವಾರದಲ್ಲೇ ಕುರಿಯ ತೊಡೆಯಲ್ಲಿ ನಾಳೆ ಬರುವ ಮಾಂಸವನ್ನು ಹೇಳಲು ಬಂದರೆ ಹೇಗಿರುತ್ತದೆ ಎಂದು ಹರೆಯದಲ್ಲಿ ಒಮ್ಮೆ ಕೇಳಿಕೊಂಡವರು ಡಾ. ಪಂಕಜಾಕ್ಷಿ. ಆ ಪ್ರಶ್ನೆಗೆ ಉತ್ತರವಾಗಿ ಈ ಕಮಾನನ್ನು ಕಟ್ಟಿದವರೂ ಅವರೇ. ಈಗ ಅವರ ಕೂದಲು ಬೆಳ್ಳಗಾಗಿತ್ತು, ಕುರಿಗಳು ದುಂಡಗಾಗಿದ್ದವು. ಅದೇ ಮೇವಿಗೆ ಒಂದೂವರೆ ಪಟ್ಟು ಮಾಂಸ. ಟಗರೊಂದನ್ನು ಹಿಡಿದು ನಿಲ್ಲಿಸಬೇಕಾದರೆ ಇಬ್ಬರು ಗಟ್ಟಿ ಆಳು ಬೇಕು. ಸಂಕ್ರಾಂತಿ ಕಳೆದ ಕೂಡಲೇ ಇಂಥ ಮುನ್ನೂರು ಟಗರುಗಳನ್ನು ಸುತ್ತಲ ಊರುಗಳಿಗೆ ಹಂಚುವುದೆಂದು ಗೊತ್ತಾಗಿತ್ತು. ಒಂದೇ ಒಂದು ಷರತ್ತು: ಹೊಸ ಟಗರು ಬೇಕಾದವರು ತಮ್ಮ ನಾಟಿ ಟಗರನ್ನು ತಂದು ಒಪ್ಪಿಸಬೇಕು. ಎರಡೂ ಬೆರೆತರೆ ತಳಿ ಕೆಡುತ್ತದೆ. ಆಗಲೇ ಕೇಂದ್ರದ ಹಿಂದಿನ ದೊಡ್ಡಿಯಲ್ಲಿ ನಾಟಿ ಟಗರುಗಳು ತುಂಬಿಕೊಂಡು, ಕಸಾಯಿಯ ಲಾರಿಗಾಗಿ ಕಾಯುತ್ತ, ಒಂದರ ಮೇಲೊಂದು ಗುದ್ದಾಡಿಕೊಂಡಿದ್ದವು.

ಹೀಗಿರುವಾಗ ನದಿಯಾಚೆಯ ಊರಿನಿಂದ ಜವರಮ್ಮ ಫೋನು ಮಾಡಿದಳು. ಪರೀಕ್ಷೆಗೆಂದು ಕೇಂದ್ರ ಕೊಟ್ಟಿದ್ದ ನಾಲ್ಕು ಹೆಣ್ಣು ಕುರಿಗಳನ್ನು ಸಾಕುತ್ತಿದ್ದವಳು ಅವಳು. ಅವುಗಳಲ್ಲಿ ಎರಡು ಒಂದೇ ದಿನ ಮರಿ ಹಾಕಿದ್ದವು. ಎರಡು ಮರಿಯೂ ಸತ್ತಿದ್ದವು.

ಪಂಕಜಾಕ್ಷಿ ಹೋದಾಗ ಜವರಮ್ಮ ಸತ್ತ ಮರಿಗಳನ್ನು ಹುಣಸೆ ಮರದಡಿ ಗೋಣಿತಾಟಿನ ಮೇಲೆ ಮಲಗಿಸಿ, ನೊಣ ಕೂರದಂತೆ ಬೇವಿನ ಸೊಪ್ಪು ಮುಚ್ಚಿದ್ದಳು.

"ಬೀಗರೂಟಕ್ಕೆ ಹೋಗಿದ್ದೊ ಕನವ್ವ, ಹಟ್ಟೀಲಿ ಯಾರೂ ಇರ್ನಿಲ್ಲ. ಬಂದು ನೋಡ್ತೀನಿ, ಹಿಂಗೆ. ನೀವು ನಂಬಿ ಕೊಟ್ಟಿದ್ರಿ, ನಾವು ಉಂಡ್ಕೊಂಡು ಕೂತಿದ್ದೊ," ಎಂದು ಅವಳು ತಲೆ ತಗ್ಗಿಸಿದಳು. ನಷ್ಟವಾಗಿದ್ದು ಅವಳಿಗೆ; ಕ್ಷಮೆ ಕೇಳುತ್ತಿದ್ದವಳೂ ಅವಳೇ. ಅಷ್ಟು ಸಾಲದೆಂಬಂತೆ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದಳು. ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಕುಡಿಯಿರಿ ಎಂದಳು.

ಪಂಕಜಾಕ್ಷಿ ಮರಿಗಳನ್ನು ಕೊಯ್ದು ನೋಡಿದರು. ಯಾವ ರೋಗವೂ ಇರಲಿಲ್ಲ. ಒಳ್ಳೆಯ ಎದೆ, ಒಳ್ಳೆಯ ತೊಡೆ. ಹೊಟ್ಟೆಯಲ್ಲಿ ಮಾತ್ರ ಒಂದು ಹನಿ ಹಾಲಿರಲಿಲ್ಲ. ಒಂದರ ಮೂಗಿನ ಮೇಲೆ ಹುಟ್ಟುವಾಗಿನ ಪೊರೆ ಹಾಗೆಯೇ ಒಣಗಿ ಕಾಗದದಂತೆ ಅಂಟಿತ್ತು. ಅದನ್ನು ಯಾರೂ ನೆಕ್ಕಿ ತೆಗೆದಿರಲಿಲ್ಲ. ತಾಯಿ ಕುರಿಗಳೆರಡೂ ಬೇಲಿಯ ಪಕ್ಕದಲ್ಲಿ ನೆಮ್ಮದಿಯಾಗಿ ಮೇಯುತ್ತಿದ್ದವು.

ಚೊಂಬು ತೊಳೆದುಕೊಡಲು ಏಳುವಾಗ ಪಕ್ಕದ ಮನೆಯ ದೊಡ್ಡಿಯಿಂದ ಒಂದು ಸದ್ದು ಕೇಳಿಸಿತು. ಕೂಗಲ್ಲ, ಬಾಯಿ ತೆರೆಯದೆ, ಗಂಟಲ ತಳದಿಂದ ಬರುವ ಸಣ್ಣ ಗುನುಗು. ಕಲ್ಲಿನ ಮೇಲೆ ನಿಧಾನವಾಗಿ ರಾಗಿ ಬೀಸಿದ ಹಾಗೆ.

"ಅದೇನು ಸದ್ದು ಜವರಮ್ಮ?"

"ಅದಾ? ಪಕ್ಕದೋರ ನಾಟಿ ಕುರಿ ಬೆಳಗ್ಗೆ ಮರಿ ಹಾಕ್ಯದೆ. ಮರಿಮಾತು ಆಡ್ತಾ ಅದೆ. ಏನು ಡಾಕ್ಟ್ರವ್ವ, ನಿಮ್ಗೆ ಗೊತ್ತಿಲ್ವಾ? ದಿನಾ ಕುರಿ ಜೊತೇಲೇ ಇರ್ತೀರಿ!"

ಗೊತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿಯ ಊರಿನಲ್ಲಿ ಕೇಳಿದ್ದ ಸದ್ದು. ತಾಯಿ ಕುರಿ ಆಗತಾನೇ ಹುಟ್ಟಿದ ಮರಿಯನ್ನು ನೆಕ್ಕುವಾಗ ಮಾತ್ರ ಹೊರಡಿಸುವ ಸದ್ದು. ಮತ್ತೆ ಯಾವಾಗಲೂ ಅಲ್ಲ. ಆದರೆ ಅದನ್ನು ಬಿಳಿಕಲ್ಲುಗುಡ್ಡದ ಹೆರಿಗೆ ಕೊಟ್ಟಿಗೆಯಲ್ಲಿ ಕೊನೆಯ ಸಲ ಯಾವಾಗ ಕೇಳಿದ್ದೆ ಎಂದು ಜೀಪಿನಲ್ಲಿ ಕೂತು ನೆನೆಸಿಕೊಳ್ಳಹೊರಟರೆ, ಒಂದು ಸಲವೂ ನೆನಪಾಗಲಿಲ್ಲ.

ಮನೆಯಲ್ಲಿ ಮಗಳು ಸುಪ್ರಭಾ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಮಗು. ಪಂಕಜಾಕ್ಷಿಯವರ ಅಕ್ಕ ಲೋಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಇಡೀ ಬಾಣಂತನವನ್ನು ಹೆಗಲಿಗೆ ಹಾಕಿಕೊಂಡಿದ್ದರು. ಎಣ್ಣೆ ಹಚ್ಚುವವರು ಅವರು, ನೀರು ಹಾಕುವವರು ಅವರು, ಸಾಂಬ್ರಾಣಿ ಹೊಗೆ, ದೃಷ್ಟಿಬೊಟ್ಟು, ತೊಟ್ಟಿಲು, ಎಲ್ಲವೂ ಅವರದು. ಮಗು ಅತ್ತರೆ ಅಡುಗೆಮನೆಯಿಂದ ಓಡಿ ಬಂದು ಎತ್ತಿಕೊಳ್ಳುತ್ತಿದ್ದರು. ಸುಪ್ರಭಾಳ ಕೈಗೆ ಮಗು ಬರುತ್ತಿದ್ದದ್ದು ಹಾಲು ಕುಡಿಸಲು ಮಾತ್ರ. ಕುಡಿಸಿದ ಮೇಲೆ, "ನೀನು ಮಲಕ್ಕೊ ಕಂದ, ಬೆನ್ನು ನೋಯುತ್ತೆ," ಎಂದು ತೆಗೆದುಕೊಂಡು ಹೋಗುತ್ತಿದ್ದರು. ಆ ದಿನ ಪಂಕಜಾಕ್ಷಿ ಮನೆಗೆ ಬಂದಾಗ ಸುಪ್ರಭಾ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಮಾಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪಂಕಜಾಕ್ಷಿ ಕಮಾನಿನ ಕೋಣೆಗೆ ಹೋಗದೆ ನೇರವಾಗಿ ಹೆರಿಗೆ ಕೊಟ್ಟಿಗೆಗೆ ಹೋಗಿ ಒಂದು ಮೂಲೆಯಲ್ಲಿ ಕೂತರು. ಅಲ್ಲಿಯ ಮೇಲ್ವಿಚಾರಕಿ ಸಣ್ಣತಾಯಮ್ಮ. ಅವಳ ಜೊತೆ ಇನ್ನಿಬ್ಬರು ಹೆಂಗಸರು.

"ಏನು ಡಾಕ್ಟ್ರವ್ವ, ದಾರಿ ತಪ್ಪಿ ಬಂದ್ರಾ?" ಎಂದು ಸಣ್ಣತಾಯಮ್ಮ ನಕ್ಕಳು. ಒಂದು ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ತನ್ನ ಟವೆಲ್ಲನ್ನೇ ಮಡಿಸಿ ಹಾಸಿ, "ನೆಲ ತಂಡಿ, ಇದ್ರ ಮ್ಯಾಲೆ ಕೂತ್ಕಳಿ," ಎಂದಳು.

ಕುರಿಯೊಂದಕ್ಕೆ ನೋವು ಶುರುವಾಗಿತ್ತು. ಮರಿಯ ಮೂತಿ ಕಾಣಿಸಿಕೊಂಡಿತು, ಕಾಲು ಬಂತು, ಮೈ ಜಾರಿತು. ಅದು ಹುಲ್ಲಿಗೆ ಬೀಳುವ ಮುಂಚೆಯೇ ಸಣ್ಣತಾಯಮ್ಮನ ಕೈ ಅಲ್ಲಿತ್ತು. ಮೂಗಿನ ಪೊರೆ ತೆಗೆದಳು, ಬಾಯಿಗೆ ಬೆರಳು ಹಾಕಿ ಲೋಳೆ ಒರೆಸಿದಳು, ಗೋಣಿಬಟ್ಟೆಯಿಂದ ಎದೆ ಬೆನ್ನು ತಿಕ್ಕಿದಳು. ಎರಡನೆಯವಳು ತಾಯಿಯನ್ನು ಹಿಡಿದು ನಿಲ್ಲಿಸಿದಳು. ಮೂರನೆಯವಳು ಮೊಲೆ ಹಿಂಡಿ ಮೊದಲ ಹಾಲಿನ ಗಟ್ಟಿ ತೆಗೆದು, ಮರಿಯ ಬಾಯಿಗೆ ಮೊಲೆತೊಟ್ಟು ಇಟ್ಟಳು. ಮರಿ ಚೀಪಿತು, ಬಾಲ ಅಲ್ಲಾಡಿಸಿತು. ನೋಡಲು ಎಂಥ ಚೆಂದದ ಕೆಲಸ! ಇಡೀ ಹೊತ್ತು ತಾಯಿ ಕುರಿ ಮಾತ್ರ ಮುಂದಿದ್ದ ಹಸಿಹುಲ್ಲನ್ನು ತಿನ್ನುತ್ತಿತ್ತು. ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

"ಯಾವಾಗಲೂ ಹೀಗೆಯೇ ಮಾಡ್ತೀರಾ?"

"ಮಾಡ್ದೆ? ಇವು ದೊಡ್ಡ ಮನೆ ಸೊಸೆಯರು ಕನವ್ವ. ಹಡೆಯೋದಷ್ಟೇ ಅವರ ಕೆಲ್ಸ. ಉಳ್ದಿದ್ದಕ್ಕೆ ನಾವು ಸೂಲಗಿತ್ತೀರು ಇಲ್ವಾ?" ಹೆಂಗಸರು ಮೂವರೂ ನಕ್ಕರು. "ಮೊದ್ಲು ಮೊದ್ಲು ಒಂದೋ ಎರಡೋ ಹಿಂಗಿದ್ವು. ಪಾಪ, ಮೈಭಾರಕ್ಕೆ ಸುಸ್ತಾಗ್ತದೆ ಅಂದ್ಕೊಂಡೊ. ಈಗ ಎಲ್ಲ ಹಂಗೇಯಾ."

ಪಂಕಜಾಕ್ಷಿ ನಗಲಿಲ್ಲ. ತಾವೇ ಕಟ್ಟಿದ ಯಂತ್ರ ಏನು ನೋಡಿತ್ತು, ಏನು ನೋಡಿರಲಿಲ್ಲ ಎಂಬುದು ಈಗ ಅವರಿಗೆ ಕಾಣಿಸುತ್ತಿತ್ತು. ಕಮಾನಿಗೆ ಮರಿ ಸಿಗುವುದು ಆರನೆಯ ದಿನ. ಅಲ್ಲಿಯವರೆಗೆ ಅದನ್ನು ಬದುಕಿಸಿದವರು ಯಾರು ಎಂದು ಕಮಾನು ಕೇಳುತ್ತಿರಲಿಲ್ಲ. ನೆಕ್ಕುವ ತಾಯಿಯ ಮರಿಯೂ ಬದುಕುತ್ತಿತ್ತು, ನೆಕ್ಕದ ತಾಯಿಯ ಮರಿಯೂ ಬದುಕುತ್ತಿತ್ತು. ದಪ್ಪ ತೊಡೆಯ ವಂಶವಾಹಿಯ ಪಕ್ಕದಲ್ಲೇ ತಾಯ್ತನದ ವಂಶವಾಹಿಯೊಂದು ಕೂತಿರಬೇಕು. ಒಂದೇ ದಾರಕ್ಕೆ ಪೋಣಿಸಿದ ಎರಡು ಮಣಿ. ಒಂದನ್ನು ಆರಿಸಿದಾಗ ಅದರ ಜೊತೆಗೆ ಇನ್ನೊಂದು, ಮಂಕಾದದ್ದು, ಸದ್ದಿಲ್ಲದೆ ಬಂದುಬಿಟ್ಟಿದೆ. ಕಾಡಿನಲ್ಲಾಗಿದ್ದರೆ ಅಂಥ ತಾಯಿಯ ಮರಿಗಳು ಸತ್ತು ಆ ಮಣಿ ಅಲ್ಲಿಗೇ ಉದುರಿಹೋಗುತ್ತಿತ್ತು. ಇಲ್ಲಿ ಈ ಮೂವರು ಹೆಂಗಸರ ಕೈಗಳು ಅದನ್ನು ಉದುರಲು ಬಿಟ್ಟಿರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಮೈಯಂಕ ಏರಿತು, ಕೊಟ್ಟಿಗೆ ಮೌನವಾಯಿತು.

ಸಂಕ್ರಾಂತಿ ಕಳೆದರೆ ಮುನ್ನೂರು ಟಗರು ಊರುಗಳಿಗೆ ಹೋಗುತ್ತವೆ. ನಾಟಿ ಟಗರುಗಳು ಇರುವುದಿಲ್ಲ. ಮೂರು ನಾಲ್ಕು ವರ್ಷದಲ್ಲಿ ಊರ ಕುರಿಗಳೆಲ್ಲ ಇವುಗಳ ಮಕ್ಕಳು, ಮೊಮ್ಮಕ್ಕಳು. ಅಲ್ಲಿ ಹಗಲೂ ರಾತ್ರಿ ಕಾಯುವ ಸಣ್ಣತಾಯಮ್ಮನಿಲ್ಲ. ಜನ ಹೊಲಕ್ಕೆ ಹೋಗುತ್ತಾರೆ, ಬೀಗರೂಟಕ್ಕೆ ಹೋಗುತ್ತಾರೆ.

ನಿರ್ದೇಶಕ ನಂಜರಾಜೇ ಅರಸರು ಒಳ್ಳೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಂಕಜಾಕ್ಷಿಯವರೇ, ಮಂತ್ರಿಗಳು ಬರ್ತಿದ್ದಾರೆ. ಲಾರಿಗಳು ಗೊತ್ತಾಗಿವೆ. ಎರಡು ಮರಿ ಸತ್ತವು, ಒಂದು ಕುರಿ ಹುಲ್ಲು ತಿಂತಿತ್ತು ಅಂತ ನಾನು ಹೇಗೆ ನಿಲ್ಲಿಸಲಿ?"

"ನನಗೆ ಹನ್ನೆರಡು ಕುರಿ ಕೊಡಿ ಸರ್. ಈ ವಾರ ಮರಿ ಹಾಕೋವು. ಹುಟ್ಟಿದ ಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಏನಾಗುತ್ತೋ ನೋಡೋಣ."

"ಮುಟ್ಟದೆ ಇದ್ದರೆ ಸಾಯಲ್ವೇ?"

"ಅದನ್ನೇ ನೋಡಬೇಕಾಗಿರೋದು," ಎಂದರು ಪಂಕಜಾಕ್ಷಿ. ಹೇಳಿದ ಮೇಲೆ ಆ ಮಾತು ಅವರಿಗೇ ಕ್ರೂರವಾಗಿ ಕೇಳಿಸಿತು.

ಕೊಟ್ಟಿಗೆಯ ಸೂರಿಗೆ ಶಾಖ ಅಳೆಯುವ ಕ್ಯಾಮೆರಾ ಕಟ್ಟಿದರು. ಪಕ್ಕದ ಕೋಣೆಯ ಪರದೆಯ ಮೇಲೆ ಬೆಚ್ಚಗಿರುವುದು ಕೆಂಪಾಗಿ, ತಣ್ಣಗಾಗುವುದು ಹಳದಿ, ಹಸಿರು, ನೀಲಿಯಾಗಿ ಕಾಣುತ್ತಿತ್ತು. ಮರಿಯ ಎದೆಗೆ ಹಸಿರು ಬಂದರೆ ಒಳಗೆ ಹೋಗಿ ಉಳಿಸಬಹುದು; ಅಲ್ಲಿಯವರೆಗೆ ಇಲ್ಲ. ಇದು ಕಟ್ಟುಪಾಡು.

ಸಣ್ಣತಾಯಮ್ಮ ಇದನ್ನು ಕೇಳಿ ಕೈಯಲ್ಲಿದ್ದ ಗೋಣಿಬಟ್ಟೆ ಕೆಳಗಿಟ್ಟಳು.

"ಹಂಗಾರೆ ಇಷ್ಟು ವರ್ಷ ನಾವ್ ಉಳ್ಸಿದ್ದು ತಪ್ಪಾ?"

"ತಪ್ಪಲ್ಲ ಸಣ್ಣತಾಯಮ್ಮ. ನಿಮ್ಮ ಕೈನ ನಾನು ಲೆಕ್ಕಕ್ಕೆ ಹಿಡೀಲಿಲ್ಲ."

"ಹಿಡಿದಿದ್ರೆ?"

"ಇಷ್ಟು ದೂರ ಬರ್ತಿರಲಿಲ್ಲ."

ಅವಳು ತನ್ನ ಕೈಗಳನ್ನು ಹೊರಳಿಸಿ ನೋಡಿಕೊಂಡಳು. "ನೋಡ್ತಾ ಕೂತ್ಕಂಡು ಇವನ್ನ ಏನ್ ಮಾಡ್ಲಿ ನಾನು?"

ಮಾರನೆಯ ದಿನ ಪಂಕಜಾಕ್ಷಿ ಬರುವಾಗ ಒಂದು ಚೀಲ ಅವರೆಕಾಯಿ, ಒಂದು ಮೊರ ತಂದರು. ಚಳಿಗಾಲದ ಕಾಯಿ, ಸೊಗಡು ಕೋಣೆಯ ತುಂಬ ಹರಡಿತು. ಸಣ್ಣತಾಯಮ್ಮನ ಮುಂದೆ ಇಟ್ಟರು. ಅವಳು ಸುಲಿಯಲು ಕೂತಳು.

ಮೊದಲ ಕುರಿ ಮರಿ ಹಾಕಿ, ಎದ್ದು, ಮೈ ಕೊಡವಿ, ಗೋದಲಿಯ ಕಡೆ ಹೋಯಿತು. ಪರದೆಯ ಮೇಲೆ ಕೆಂಪು ಮುದ್ದೆಯೊಂದು ಹುಲ್ಲಿನಲ್ಲಿ ಒದ್ದಾಡುತ್ತಿತ್ತು. ಮೊದಲು ಕಿವಿ ಹಳದಿಯಾಯಿತು. ಕಾಲುಗಳು ಹಳದಿಯಾದವು. ಮರಿ ಕೂಗಿತು. ಅವರೆಕಾಯಿ ಸುಲಿಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಎದೆಗೆ ಹಸಿರು ಹತ್ತಿದ ಕೂಡಲೇ, "ಹೋಗಿ!" ಎಂದರು ಪಂಕಜಾಕ್ಷಿ. ಮೊರ ಹಾರಿಬಿತ್ತು. ಸಣ್ಣತಾಯಮ್ಮ ಆಗಲೇ ಬಾಗಿಲಾಚೆ ಇದ್ದಳು.

ಎರಡನೆಯದೂ ಹಾಗೆಯೇ. ಮೂರನೆಯದು ಮರಿಯನ್ನು ಮೂಸಿ ನೋಡಿ, ಹೆದರಿದಂತೆ ಹಿಂದೆ ಸರಿಯಿತು. ನಾಲ್ಕನೆಯದು ನೆಕ್ಕಿತು! ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಆಮೇಲೆ ಮತ್ತೆ ಎರಡು, ಹುಲ್ಲಿನ ಕಡೆಗೆ ಹೋದವು.

ಏಳನೆಯ ಕುರಿ ಮರಿ ಹಾಕಿದ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಮರಿ ಸಣ್ಣದು. ಬಣ್ಣ ಹಳದಿಗೆ ತಿರುಗಿದ್ದು ಕಂಡಿತು, ಹಸಿರಾದದ್ದು ಕಾಣುವಷ್ಟರಲ್ಲಿ ಎದೆಯ ನಡುವೆ ನೀಲಿ ಇಣುಕಿತು. ಎಲ್ಲರೂ ಓಡಿದರು. ಸಣ್ಣತಾಯಮ್ಮ ಮರಿಯನ್ನು ತನ್ನ ರವಿಕೆಗೆ ಒತ್ತಿಕೊಂಡು ತಿಕ್ಕಿದಳು, ಮೂಗಿಗೆ ಊದಿದಳು, ಬೆಚ್ಚನೆ ನೀರಿನ ಬಕೆಟ್ಟಿನಲ್ಲಿ ಇಳಿಸಿ ಹಿಡಿದಳು. ಅದು ಒಂದು ಸಲ ಕಾಲು ಚಾಚಿತು. ಅಷ್ಟೇ.

ಅವಳು ಪಂಕಜಾಕ್ಷಿಯವರ ಮುಖ ನೋಡಲಿಲ್ಲ. ಮರಿಯನ್ನು ಗೋಣಿಬಟ್ಟೆಯಲ್ಲಿ ಸುತ್ತಿಕೊಂಡು ಬೇಲಿಯ ಕಡೆಗೆ ಹೋದಳು. ಅರಸರು ಹಿಂದಿನಿಂದ ಗುದ್ದಲಿ ಹಿಡಿದು ಹೋಗಿ, ತಾವೇ ಗುಂಡಿ ತೋಡಿಕೊಟ್ಟರು. ಬಂದು ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲ ಲೋಟವನ್ನು ಅವಳಿಗೇ ಕೊಟ್ಟರು. ಅವಳು ಕುಡಿದಳು.

ಸಂಜೆ ಮನೆಯಲ್ಲಿ ಲೋಕಮ್ಮ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಪಂಕಜಾಕ್ಷಿ ಮಗಳ ಕೋಣೆಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತರು. ಸುಪ್ರಭಾ ತೊಟ್ಟಿಲನ್ನೇ ನೋಡುತ್ತಿದ್ದಳು.

"ಅಮ್ಮ, ಒಂದು ಹೇಳಲಾ? ದೊಡ್ಡಮ್ಮಂಗೆ ಹೇಳಬಾರದು."

"ಹೇಳು."

"ನನಗೆ ಇವಳ ಮೇಲೆ ಏನೂ ಅನ್ನಿಸ್ತಿಲ್ಲ. ಯಾರದೋ ಮಗು ನೋಡಿದ ಹಾಗಿದೆ. ಎಲ್ಲರೂ ಎಷ್ಟು ಮುದ್ದಾಗಿದೆ ಅಂತಾರೆ, ನಾನೂ ಹೂಂ ಅಂತೀನಿ. ನನ್ನಲ್ಲೇ ಏನೋ ಕಮ್ಮಿ ಇದೆ, ಅಲ್ವಾ?"

ಅರೆಗಳಿಗೆ ಪಂಕಜಾಕ್ಷಿ ತಮ್ಮ ಮಗಳನ್ನು ಪರದೆಯ ಮೇಲಿನ ಆಕೃತಿಯನ್ನು ನೋಡುವಂತೆ ನೋಡಿದರು. ಮರುಗಳಿಗೆಯೇ ನಾಚಿಕೆಯಾಯಿತು. ಮನುಷ್ಯರು ಕುರಿಗಳಲ್ಲ, ಇವಳಿಗೆ ಯಾರೂ ಅಂಕ ಹಾಕಿ ಹೆತ್ತಿಲ್ಲ. ಮಗಳ ಕೈ ಹಿಡಿಯುವಷ್ಟರಲ್ಲಿ ಲೋಕಮ್ಮ ಎಣ್ಣೆಯ ಬಟ್ಟಲು ಹಿಡಿದು ಬಂದು, "ಎಲ್ಲಿ ನನ್ನ ಬಂಗಾರ, ನೀರು ಕಾದಿದೆ," ಎಂದು ತೊಟ್ಟಿಲಿಗೆ ಕೈ ಹಾಕಿದರು.

"ಅಕ್ಕ, ಇವತ್ತು ಅವಳೇ ಹಾಕಲಿ," ಎಂದರು ಪಂಕಜಾಕ್ಷಿ.

"ಯಾರು? ಇವಳಾ? ಸರಿಹೋಯ್ತು! ಅನ್ನದ ತಪ್ಪಲೆ ಬಗ್ಗಿಸೋಕೆ ಬರಲ್ಲ, ಮಗೂಗೆ ನೀರು ಹಾಕ್ತಾಳಂತೆ. ನೀನು ಕುರಿಗೆ ಡಾಕ್ಟ್ರು ಕಣೇ ಪಂಕಜ. ಮಗೂಗೆ ನಾನು."

"ಒಂದು ದಿನ ಅಕ್ಕ. ನನಗೋಸ್ಕರ."

ಲೋಕಮ್ಮ ತಂಗಿಯ ಮುಖ ನೋಡಿದರು. ಏನು ಕಂಡರೋ, ಬಟ್ಟಲನ್ನು ಸುಪ್ರಭಾಳ ಕೈಗೆ ಕೊಟ್ಟು, "ಕಿವಿಗೆ ನೀರು ಹೋದೀತು, ಅಂಗೈ ಅಡ್ಡ ಹಿಡಿ," ಎಂದಷ್ಟೇ ಹೇಳಿದರು.

ಬಚ್ಚಲ ಬಾಗಿಲು ಮುಚ್ಚಿತು. ಅಕ್ಕತಂಗಿಯರಿಬ್ಬರೂ ಹೊರಗೆ ನಿಂತರು. ಒಳಗೆ ಚೊಂಬು ಬಿದ್ದ ಸದ್ದು. ಮಗು ಕಿರುಚಿತು. ಲೋಕಮ್ಮ ಬಾಗಿಲಿಗೆ ಕೈ ಹಾಕಿದರು. ಪಂಕಜಾಕ್ಷಿ ಆ ಕೈ ಹಿಡಿದುಕೊಂಡರು. ಮಗು ಇನ್ನೂ ಜೋರಾಗಿ ಕಿರುಚಿತು. ಆಗ ಒಳಗಿನಿಂದ ಸುಪ್ರಭಾಳ ದನಿ ಕೇಳಿಸಿತು, ಅಳುವಿನ ಅಂಚಿನಲ್ಲಿದ್ದ ದನಿ.

"ಅಳಬೇಡ್ವೇ ಹುಚ್ಚಿ. ನನಗೂ ಬರಲ್ಲ ಕಣೇ. ಇಬ್ಬರೂ ಕಲೀಬೇಕು. ತಡಿ, ತಡಿ, ಅಯ್ಯೋ ಕಣ್ಣಿಗೆ ಹೋಯ್ತಾ? ಇಲ್ಲ, ಇಲ್ಲ, ಹೋಗಿಲ್ಲ..."

ಆ ಗೊಣಗಾಟ ನಿಲ್ಲಲಿಲ್ಲ. ನೀರಿನ ಸದ್ದಿನ ಕೆಳಗೆ, ಅರ್ಥವಾಗದಷ್ಟು ಮೆಲ್ಲಗೆ, ಹರಿಯುತ್ತಲೇ ಇತ್ತು. ಮಗು ಯಾವಾಗ ಸುಮ್ಮನಾಯಿತೆಂದು ಹೊರಗಿದ್ದ ಇಬ್ಬರಿಗೂ ತಿಳಿಯಲಿಲ್ಲ.

ಹನ್ನೊಂದು ಕುರಿಗಳು ಮುಗಿದವು. ನೆಕ್ಕಿದ್ದು ಎರಡು. ಅರಸರು ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಫಲಿತಾಂಶ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಹನ್ನೆರಡನೆಯದು ಬಾಕಿ ಇತ್ತು. ಮಧ್ಯಾಹ್ನ ಅದು ಮರಿ ಹಾಕಿತು.

ಎದ್ದು ನಿಂತಿತು. ಗೋದಲಿಯ ಕಡೆ ನಾಲ್ಕು ಹೆಜ್ಜೆ ಹೋಯಿತು. ಮರಿ ಕೂಗಿತು. ಕುರಿ ನಿಂತಿತು. ತಿರುಗಲಿಲ್ಲ, ಮುಂದೆಯೂ ಹೋಗಲಿಲ್ಲ. ಪರದೆಯ ಮೇಲೆ ಮರಿಯ ಕಿವಿ ಹಳದಿಯಾಯಿತು, ಬೆನ್ನು ಹಳದಿಯಾಯಿತು. ಎದೆಯ ಅಂಚಿನಲ್ಲಿ ಹಸಿರಿನ ನೆರಳು ಬಂದಂತೆ ಕಂಡಿತು. ಬಂತೋ, ಇಲ್ಲವೋ. ಪಂಕಜಾಕ್ಷಿಯವರಿಗೆ ಮಂಜಿನ ಬೆಳಗಿನ ಆ ಸಣ್ಣ ಮರಿಯೊಂದೇ ಕಣ್ಣಿಗೆ ಕಟ್ಟಿತು. ತಾವೇ ಹಾಕಿದ ಕಟ್ಟು ಮರೆತು ಎದ್ದು ಬಾಗಿಲಿಗೆ ಓಡಿದರು.

ಯಾರೋ ಅವರ ಮುಂಗೈ ಹಿಡಿದರು. ಒರಟು ಕೈ, ಅವರೆಯ ಸೊಗಡಿನ ಕೈ.

"ನನ್ ಕೈ ಕಟ್ಟಾಕ್ಬುಟ್ಟು ನೀವ್ ಓಡ್ತೀರಾ?" ಎಂದಳು ಸಣ್ಣತಾಯಮ್ಮ.

"ಹಸಿರು ಬಂತು ಸಣ್ಣತಾಯಮ್ಮ, ಬಿಡಿ."

"ಬಂದಿಲ್ಲ. ಇನ್ನೂ ಹಳದೀನೆಯಾ. ಕೂತ್ಕಳಿ."

"ಸತ್ತುಹೋದರೆ?"

"ನಂಗೂ ಭಯಾನೇ ಕನವ್ವ," ಎಂದಳು ಅವಳು. ಆದರೆ ಕೈ ಬಿಡಲಿಲ್ಲ.

ಮರಿ ಮತ್ತೆ ಕೂಗಿತು. ಈ ಸಲ ಕೂಗು ಅರ್ಧಕ್ಕೇ ಮುರಿಯಿತು. ಕುರಿ ತಲೆ ಎತ್ತಿತು. ನಿಧಾನವಾಗಿ, ಮರೆತುಹೋದ ಯಾವುದೋ ದಾರಿಯನ್ನು ನೆನೆಸಿಕೊಳ್ಳುವಂತೆ, ಹಿಂದಿರುಗಿತು. ಮೂಸಿತು. ಹಿಂದೆ ಸರಿಯಿತು. ಮತ್ತೆ ಬಂದು ಮೂಸಿತು. ನಾಲಿಗೆ ಹೊರಬಂತು. ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ, ಕಿವಿಗೆ. ಪರದೆಯ ಮೇಲೆ ನಾಲಿಗೆ ಓಡಾಡಿದ ಕಡೆಯೆಲ್ಲ ಕೆಂಪು ಗೆರೆಗಳು ಮೂಡಿ ನಿಧಾನವಾಗಿ ಮಸುಕಾಗುತ್ತಿದ್ದವು. ಗೋಡೆಯಾಚೆಯಿಂದ, ಬಹಳ ಮೆಲ್ಲಗೆ, ರಾಗಿ ಬೀಸಿದಂಥ ಆ ಸದ್ದು ಕೇಳಿಸಿತು.

ಅರಸರು ಎದ್ದು ಕಿಟಕಿಯ ಕಡೆ ಹೋಗಿ, ಅಲ್ಲಿಯೇ ನಿಂತು ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡರು.

"ಮೂರು," ಎಂದರು. "ಹನ್ನೆರಡರಲ್ಲಿ ಮೂರು. ಟಗರುಗಳು ಹೋಗಲ್ಲ ಪಂಕಜಾಕ್ಷಿಯವರೇ. ಮಂತ್ರಿಗಳಿಗೆ ನಾನೇ ಹೇಳ್ತೀನಿ. ಬೈಸಿಕೊಳ್ಳೋದು ನನ್ನ ಕೆಲಸ."

ಗೊತ್ತಾಗಿದ್ದ ಲಾರಿಗಳು ಗೊತ್ತಾದ ದಿನವೇ ಬಂದವು. ಅವುಗಳಲ್ಲಿ ಹೋದದ್ದು ಮಾತ್ರ ಹಿಂದಿನ ದೊಡ್ಡಿಯ ನಾಟಿ ಟಗರುಗಳು, ತಮ್ಮ ತಮ್ಮ ಊರಿಗೆ ವಾಪಸು. ಅವುಗಳ ಕೊಂಬಿಗೆ ಸಣ್ಣತಾಯಮ್ಮ ಮತ್ತು ಅವಳ ಜೊತೆಯವರು, ಯಾರೂ ಹೇಳದಿದ್ದರೂ, ಸಂಕ್ರಾಂತಿಯ ಬಣ್ಣ ಹಚ್ಚಿದ್ದರು. ಜವರಮ್ಮ ತಂದು ಒಪ್ಪಿಸಿದ್ದ ಟಗರು ಬಡಕಲು. ಲಾರಿಯಿಂದ ಇಳಿದ ಕೂಡಲೇ ಬೇಲಿಗೆ ಗುದ್ದಿತು. "ಹೋದ ಗ್ರಾಚಾರ ಬಣ್ಣ ಬಳ್ಕಂಡು ಬಂತಲ್ಲಪ್ಪ!" ಎಂದು ಅವಳು ಬೈದಳು. ಬೈಯುತ್ತಲೇ ಅದರ ಗಲ್ಲ ತುರಿಸಿದಳು.

ಪತ್ರಿಕೆಗಳು ಬರೆದವು, ನಕ್ಕವು, ಮರೆತವು. ಕಮಾನು ಅಲ್ಲೇ ಇದೆ. ಈಗ ಅದು ಆರನೆಯ ದಿನದ ಜೊತೆಗೆ, ಕೊಟ್ಟಿಗೆಯ ಕ್ಯಾಮೆರಾದ ಮೂಲಕ ಮೊದಲ ಗಂಟೆಯನ್ನೂ ನೋಡುತ್ತದೆ. ನೆಕ್ಕಿದ ಮೂರು ಕುರಿಗಳನ್ನು ಊರಿನಿಂದ ಕೇಳಿ ತಂದ ನಾಟಿ ಟಗರಿಗೆ ಕೂಡಿಸಿದ್ದರು. ತೊಡೆ ಸ್ವಲ್ಪ ಸಣ್ಣಗಾಗುತ್ತದೆ, ಇರಲಿ ಎಂದರು ಪಂಕಜಾಕ್ಷಿ. ಆದರೆ ಆ ಮೂರರ ಮಕ್ಕಳಿಗೆ ಮರಿಮಾತು ಬರುತ್ತದೋ ಇಲ್ಲವೋ ಎಂಬುದನ್ನು ಯಾವ ರಕ್ತದ ಹನಿಯೂ ಇನ್ನೂ ಖಚಿತವಾಗಿ ಹೇಳುತ್ತಿರಲಿಲ್ಲ. ಅವು ಬೆಳೆದು ತಾಯಿಯಾಗುವವರೆಗೆ ಕಾಯಬೇಕಿತ್ತು.

ಮತ್ತೆರಡು ಅವರೆಕಾಯಿಯ ಕಾಲ ಬರುವವರೆಗೆ ಕಾದರು. ಹನ್ನೆರಡನೆಯ ಕುರಿಯ ಮಗಳಿಗೆ ಬೆಳಗಿನ ಬಿಸಿಲೇರುವ ಹೊತ್ತಿಗೆ ನೋವು ಶುರುವಾಯಿತು. ಹೆಂಗಸರು ಕೊಟ್ಟಿಗೆಯ ಬಾಗಿಲು ಎಳೆದುಕೊಂಡು ಹೊರಗಿನ ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತರು. ಪಂಕಜಾಕ್ಷಿ ಪರದೆಯ ಕೋಣೆಗೆ ಹೋಗದೆ ಅವರ ಪಕ್ಕದಲ್ಲೇ ಕೂತು ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡರು. ಅವರಿಗೆ ಸುಲಿಯುವುದು ಬೇಗ ಬರುತ್ತಿರಲಿಲ್ಲ. ಸಣ್ಣತಾಯಮ್ಮ ಹುಳುಕಿಲ್ಲದ ಎಳೆಯ ಕಾಯಿಗಳನ್ನೇ ಆರಿಸಿ ಅವರ ಕಡೆಗೆ ಸರಿಸಿದಳು.

ಒಳಗೆ ಏನೋ ಹುಲ್ಲಿಗೆ ಬಿದ್ದ ಸದ್ದಾಯಿತು. ಆಮೇಲೆ ಮರಿಯ ಕೂಗು, ತೆಳ್ಳಗೆ, ಒಂಟಿಯಾಗಿ. ಯಾರೂ ಏಳಲಿಲ್ಲ. ಮತ್ತೊಂದು ಕೂಗು. ಬೆಂಚಿನ ಮೇಲಿದ್ದ ಕೈಗಳೆಲ್ಲ ನಿಂತವು. ಬಾಗಿಲ ಸಂದಿಯಿಂದ ಬಿಸಿಲಿನ ಗೆರೆಯೊಂದು ಒಳಗೆ ಹೋಗಿತ್ತು, ಅದರಲ್ಲಿ ಧೂಳು ತೇಲುತ್ತಿತ್ತು. ಮೂರನೆಯ ಕೂಗು ಬರಲಿಲ್ಲ. ಪಂಕಜಾಕ್ಷಿ ಕಣ್ಣು ಮುಚ್ಚಿಕೊಂಡರು.

ಸಣ್ಣತಾಯಮ್ಮ ತಲೆಯನ್ನು ಬಾಗಿಲ ಕಡೆ ವಾಲಿಸಿದಳು. ಬಹಳ ಹೊತ್ತು ಹಾಗೆಯೇ ಇದ್ದಳು. ಆಮೇಲೆ ಅರ್ಧ ಸುಲಿದಿದ್ದ ಕಾಯನ್ನು ಪೂರ್ತಿ ಬಿಡಿಸಿ, ಕಾಳನ್ನು ಸದ್ದಾಗದಂತೆ ಮೊರಕ್ಕೆ ಹಾಕಿದಳು.

"ಮೆಲ್ಲಗೆ ಸುಲೀರಿ," ಎಂದಳು. "ಮಾತಾಡ್ಕತಾವೆ."